ನೀರಿಗೆ ಮೊದಲು ದಾರಿ, ಆಮೇಲೆ ಬಣ್ಣ

ಬೆಂಗಳೂರಲ್ಲಿ ಮಳೆಗಾಲ ಬಂತು ಅಂದ್ರೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಎರಡು ತರದ ಫೋಟೋ ಬರೋಕೆ ಶುರುವಾಗುತ್ತೆ. ಒಂದು ಮೋಡದ್ದು. ಇನ್ನೊಂದು ಬೇಸ್‌ಮೆಂಟ್ ಗೋಡೆಯದ್ದು: ಬಣ್ಣ ಬೊಬ್ಬೆ ಎದ್ದಿದೆ, ಬುಡದಲ್ಲಿ ಬಿಳಿ ಉಪ್ಪು ಹೂ ಬಿಟ್ಟಿದೆ, ಸಂದಿಯಿಂದ ಜಿನುಗಿದ ನೀರು ಯಾರದೋ ಕಾರಿನ ಟೈರಿನ ತನಕ ಬಂದಿದೆ. ಮುಂದಿನ ವಾರ ಕಂಟ್ರಾಕ್ಟರ್ ಬರ್ತಾರೆ, ಗೋಡೆ ಉಜ್ಜಿಸ್ತಾರೆ, ಎರಡು ಕೋಟ್ ವಾಟರ್‌ಪ್ರೂಫ್ ಸೀಲರ್ ಬಳಿಸಿ ಬಿಲ್ ಕೊಡ್ತಾರೆ. ಮುಂದಿನ ವರ್ಷ ಅದೇ ಫೋಟೋ, ಜಾಗ ಮಾತ್ರ ಸ್ವಲ್ಪ ಪಕ್ಕಕ್ಕೆ.

ದುಡ್ಡು ಹೋಗೋದಂತೂ ಹೋಗುತ್ತೆ. ಆದರೆ ನಮ್ಮ ಬೇಸ್‌ಮೆಂಟುಗಳಲ್ಲಿ ಕಾರುಗಳಷ್ಟೇ ಇರೋದಿಲ್ಲ. ಕರೆಂಟಿನ ಪ್ಯಾನೆಲ್ ಇರುತ್ತೆ, ಪಂಪು ಇರುತ್ತೆ, ಎಷ್ಟೋ ಕಡೆ ವಾಚ್‌ಮನ್ ಸಂಸಾರವೂ ಇರುತ್ತೆ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿಗೆ ನುಗ್ಗಿದ ಮಳೆನೀರನ್ನು ಪಂಪಿನಿಂದ ತೆಗೆಯೋಕೆ ಹೋದಾಗ ಕರೆಂಟ್ ಹೊಡೆದು ಒಬ್ಬ ಹಿರಿಯರು, ಒಬ್ಬ ಹುಡುಗ ಸತ್ತರು. ನೆಲದ ಕೆಳಗೆ ಕಟ್ಟಿದ ಕೋಣೆಗೆ ನೀರು ಬರುತ್ತೆ ಅನ್ನೋದು ಬರೀ ಬಣ್ಣದ ಸಮಸ್ಯೆ ಅಲ್ಲ.

ಈ ಸಮಸ್ಯೆ ಹೊಸದೂ ಅಲ್ಲ. ಹಿಂದಿನವರು ಇದನ್ನು ಹೇಗೆ ಬಗೆಹರಿಸಿದರು ಅಂತ ಓದುತ್ತಾ ಹೋದ ಹಾಗೆ ನನಗೆ ಕಂಡದ್ದು ಒಂದು ಕ್ರಮ. ಬಳಿಯೋ ಕೆಲಸ ಎಲ್ಲ ಕಾಲದಲ್ಲೂ ಇತ್ತು. ಆದರೆ ತಿಳಿದವರು ಯಾರೂ ಅದನ್ನು ಮೊದಲ ಕೆಲಸ ಮಾಡಿಕೊಳ್ಳಲಿಲ್ಲ.

ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳ ನೋಡಿ. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, ಹತ್ತಿರ ಹತ್ತಿರ ಎರಡೂವರೆ ಮೀಟರ್ ಆಳ. ಕಟ್ಟಿ ನಾಲ್ಕು ಸಾವಿರ ವರ್ಷಕ್ಕೂ ಮೇಲಾಯ್ತು. ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಾಗಿ ಕೂರಿಸಿ ಜಿಪ್ಸಂ ಗಾರೆ ಹಾಕಿದ್ದಾರೆ. ಆ ಗೋಡೆಯ ಹಿಂದೆ, ಇನ್ನೊಂದು ಗೋಡೆಗೆ ಮುಂಚೆ, ಡಾಂಬರಿನಂಥ ಬಿಟುಮೆನ್ ಪದರ. ಅಂದ್ರೆ ಸೀಲರ್ ಗೋಡೆಯ ಮೇಲ್ಮೈ ಮೇಲಿಲ್ಲ, ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿದೆ. ಕಿತ್ತು ಬರೋಕೆ ಅದಕ್ಕೆ ಜಾಗವೇ ಇಲ್ಲ. ಜೊತೆಗೆ ಒಂದು ಮೂಲೆಯಲ್ಲಿ ನೀರು ಹೊರಗೆ ಹೋಗೋಕೆ ಕಿಂಡಿ, ಅದರಾಚೆ ಆಳೆತ್ತರದ ಚರಂಡಿ.

ಎರಡು ಸಾವಿರ ವರ್ಷದ ಹಿಂದೆ ರೋಮಿನ ವಿಟ್ರೂವಿಯಸ್ ಕಟ್ಟಡ ಕೆಲಸದ ಬಗ್ಗೆ ಹತ್ತು ಭಾಗಗಳ ಪುಸ್ತಕ ಬರೆದ. ಅದರ ಏಳನೇ ಭಾಗದಲ್ಲಿ ತೇವ ಹಿಡಿದ ಗೋಡೆಗೆ ಅಂತಲೇ ಒಂದು ಅಧ್ಯಾಯ ಇದೆ. ತೇವ ಸ್ವಲ್ಪ ಇದ್ದರೆ, ನೆಲದಿಂದ ಸುಮಾರು ಮೂರು ಅಡಿ ಎತ್ತರದವರೆಗೆ ಗಾರೆಯಲ್ಲಿ ಮರಳಿನ ಬದಲು ಸುಟ್ಟ ಮಡಕೆ, ಹೆಂಚಿನ ಪುಡಿ ಬೆರೆಸಿ ಮೆತ್ತು ಅಂತಾನೆ. ನಮ್ಮ ಕಡೆ ಸುರ್ಕಿ ಅಂತೀವಲ್ಲ, ಅದೇ ಜಾತಿ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರೋದೂ ಸುರ್ಕಿ ಗಾರೆಯೇ. ಆದರೆ ಗೋಡೆ ಯಾವಾಗಲೂ ಒದ್ದೆ ಇದ್ದರೆ ಮೆತ್ತೋದರಿಂದ ಆಗಲ್ಲ ಅನ್ನೋದೂ ಅವನಿಗೆ ಗೊತ್ತಿತ್ತು. ಆಗ ಒಳಗಡೆ ಸ್ವಲ್ಪ ಅಂತರ ಬಿಟ್ಟು ಇನ್ನೊಂದು ತೆಳು ಗೋಡೆ ಕಟ್ಟಬೇಕು. ನಡುವೆ, ಕೋಣೆಯ ನೆಲಕ್ಕಿಂತ ಕೆಳಗೆ, ಕಾಲುವೆ ಮಾಡಿ ಹೊರಗೆ ದಾರಿ ಕೊಡಬೇಕು. ಗಾಳಿಯಾಡೋಕೆ ಮೇಲೂ ಕಿಂಡಿ ಬಿಡಬೇಕು. ಇವತ್ತು ದೊಡ್ಡ ಕಟ್ಟಡಗಳ ಬೇಸ್‌ಮೆಂಟಿನಲ್ಲಿ ಎಂಜಿನಿಯರ್‌ಗಳು ಬಿಡೋ ಟೊಳ್ಳು ಗೋಡೆ, ಒಳಗಿನ ಚರಂಡಿ ಇದೇ ಲೆಕ್ಕದ್ದು.

ಪುಸ್ತಕ ಬೇಡ ಅಂದ್ರೆ ಉತ್ತರ ಕರ್ನಾಟಕದ ಹಗೇವು ಸಾಕು. ಜೋಳ ತುಂಬಿಡೋಕೆ ನೆಲದಲ್ಲಿ ತೋಡಿದ ಗುಂಡಿ ಅದು, ಒಂದು ತರ ರೈತನ ಬೇಸ್‌ಮೆಂಟ್. ನಮ್ಮೂರ ಹಿರಿಯರು ಅದರ ಬಗ್ಗೆ ಮಾತಾಡುವಾಗ ಒಳಗೆ ಏನು ಹಚ್ಚಿದ್ರು ಅಂತ ಶುರುಮಾಡ್ತಿರಲಿಲ್ಲ. 'ಎತ್ತರದ ಜಾಗ ನೋಡಿ ತೋಡಬೇಕು, ಮಳಿ ನೀರು ನಿಂದರಬಾರದು' ಅನ್ನೋದೇ ಅವರ ಮೊದಲ ಮಾತು. ಒಳಗಿನ ಹುಲ್ಲು, ಬಾಯಿಗೆ ಮುಚ್ಚೋ ಕಲ್ಲು, ಮೇಲಿನ ಮಣ್ಣು ಎಲ್ಲ ಆಮೇಲಿನದು. ಜಾಗ ತಪ್ಪಿದರೆ ವರ್ಷದ ಕಾಳು ಮುಗ್ಗಲು ಹಿಡಿಯುತ್ತಿತ್ತು.

ಹೊಸ ಕಾಲದ ಕಥೆಯೂ ಬೇರೆ ಅಲ್ಲ. ಲಂಡನ್ನಿನ ಥೇಮ್ಸ್ ನದಿಯ ಕೆಳಗೆ ಮಾರ್ಕ್ ಬ್ರೂನೆಲ್ 1825ರಲ್ಲಿ ಸುರಂಗ ತೋಡೋಕೆ ಶುರುಮಾಡಿದ. ಇಟ್ಟಿಗೆ ಕಟ್ಟಿದ್ದು ಬೇಗ ಗಟ್ಟಿಯಾಗೋ ರೋಮನ್ ಸಿಮೆಂಟಿನಲ್ಲಿ. ಆದರೂ 1827ರಲ್ಲಿ ಒಮ್ಮೆ, 1828ರಲ್ಲಿ ಇನ್ನೊಮ್ಮೆ ನದಿ ಒಳಗೆ ನುಗ್ಗಿತು. ಎರಡನೇ ಸಲ ಆರು ಜನ ಸತ್ತರು. ಸುರಂಗ ಜನರಿಗೆ ತೆರೆದದ್ದು 1843ರಲ್ಲಿ. ಬ್ರೂನೆಲ್ ಸಿಮೆಂಟನ್ನು ನಂಬಿ ಕೂರಲಿಲ್ಲ. ಜಿನುಗೋ ನೀರನ್ನು ಎತ್ತಿ ಹಾಕೋಕೆ ದಡದಲ್ಲೇ ಎಂಜಿನ್ ಮನೆ ಕಟ್ಟಿಸಿದ. ಆ ಕಟ್ಟಡ ಈಗ ಮ್ಯೂಸಿಯಂ. ಸುರಂಗದಲ್ಲಿ ಇವತ್ತಿಗೂ ರೈಲು ಓಡುತ್ತೆ.

ಇನ್ನು ನಮ್ಮ ಸೀಲರ್ ಡಬ್ಬದ ನೇರ ಪೂರ್ವಜನ ವಿಷಯಕ್ಕೆ ಬರೋಣ. ಆ ಕಥೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನದು. ಅಲ್ಲಿ ಊರಿಗೆ ನೀರು ಕೊಡೋ ಹೊಸ ಕ್ರೋಟನ್ ಜಲಾಶಯ ಕಟ್ಟಿದ್ದರು. ಮೊದಲು ನೀರು ತುಂಬಿಸಿದಾಗ ಗೇಟ್‌ಹೌಸಿನ ಇಟ್ಟಿಗೆ ಗೋಡೆಗಳ ಮೂಲಕ ನೀರು ಸೋರತೊಡಗಿತು. ಇಟ್ಟಿಗೆ ಒಳ್ಳೇದೇ, ಕೆಲಸವೂ ಚೆನ್ನಾಗೇ ಆಗಿತ್ತು. ಎಂಜಿನಿಯರ್ ವಿಲಿಯಂ ಡಿಯರ್‌ಬಾರ್ನ್ ಆರಿಸಿಕೊಂಡದ್ದು ಸಿಲ್ವೆಸ್ಟರ್ ವಿಧಾನ. ಬೇಕಾದದ್ದು ಎರಡೇ: ಸೋಪು, ಪಟಿಕ. ಕುದಿಯೋ ಸೋಪಿನ ನೀರನ್ನು ಚಪ್ಪಟೆ ಬ್ರಷ್ಷಿನಲ್ಲಿ, ನೊರೆ ಬಾರದ ಹಾಗೆ ಬಳಿಯೋದು. 24 ಗಂಟೆ ಒಣಗಿಸಿ ಪಟಿಕದ ನೀರು ಬಳಿಯೋದು. ಮತ್ತೆ 24 ಗಂಟೆ ಬಿಟ್ಟು ಸೋಪು. ಎರಡೂ ಸೇರಿದಾಗ ನೀರಿನಲ್ಲಿ ಕರಗದ, ಮೇಣದಂಥ ಒಂದು ವಸ್ತು ಇಟ್ಟಿಗೆಯ ಸಣ್ಣ ರಂಧ್ರಗಳೊಳಗೇ ಹುಟ್ಟುತ್ತೆ. ಹೀಗೆ ನಾಲ್ಕು ಸುತ್ತು ಬಳಿದ ಮೇಲೆ ಸೋರಿಕೆ ನಿಂತಿತು.

ಬರೀ ಪಟಿಕ, ಸೋಪು ಕೇಳಿ ಖುಷಿಪಡೋದು ಸುಲಭ. ಆದರೆ ಡಿಯರ್‌ಬಾರ್ನ್ ಮೊದಲು ಮಾಡಿದ್ದೇನು ನೋಡಿ. ನೀರನ್ನೆಲ್ಲ ಖಾಲಿ ಮಾಡಿಸಿದ, ಗೋಡೆ ಸ್ವಚ್ಛ ಮಾಡಿ ಒಣಗಿಸಿದ, ಆಮೇಲೆ ನೀರು ನಿಲ್ಲೋ ಮಗ್ಗುಲಿಗೇ ಬಳಿಸಿದ.

ನಾವು ಮಾಡೋದು ಇದಕ್ಕೆ ಪೂರ್ತಿ ಉಲ್ಟಾ. ನೀರು ಇರೋದು ಗೋಡೆಯ ಹೊರಗೆ, ಮಣ್ಣಿನಲ್ಲಿ. ನಾವು ಬಳಿಯೋದು ಒಳಗೆ, ಅದೂ ಗೋಡೆ ಒದ್ದೆ ಇರುವಾಗಲೇ. ಲೆಕ್ಕ ಹಾಕಿ ನೋಡಿ. ಹೊರಗಿನ ಮಣ್ಣಿನಲ್ಲಿ ಮೂರು ಮೀಟರ್ ಎತ್ತರಕ್ಕೆ ನೀರು ನಿಂತಿದ್ದರೆ, ಗೋಡೆಯ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಮೂರು ಟನ್ ಒತ್ತಡ, ಹೆಚ್ಚುಕಮ್ಮಿ ಮೂರು ಸಣ್ಣ ಕಾರುಗಳ ತೂಕ. ಸೀಲರ್ ಹೊರಗಡೆ ಇದ್ದರೆ ಆ ನೀರೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತೆ. ಒಳಗಡೆ ಇದ್ದರೆ ಅದೇ ನೀರು ಅದನ್ನು ಗೋಡೆಯಿಂದ ಬಿಡಿಸಿ ತಳ್ಳುತ್ತೆ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ, ಉಳಿದ ಕೆಲಸ ಮುಗಿಸುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಬೀಳ್ತಾ ಇದೆ, ನಾವು ಅಲರ್ಟ್ ಮ್ಯೂಟ್ ಮಾಡ್ತಾ ಇದ್ದೀವಿ.

ಹಾಗಂತ ಒಳಗೆ ಬಳಿಯೋದೆಲ್ಲ ದಂಡ ಅಂತಲ್ಲ. ಕಟ್ಟಡ ಎದ್ದ ಮೇಲೆ ಹೊರಗೆ ಅಗೆಯೋಕೆ ಜಾಗವೇ ಇರದ ಸೈಟುಗಳು ನಮ್ಮಲ್ಲಿ ಎಷ್ಟೋ. ಅಂಥಲ್ಲಿ ಸಿಮೆಂಟ್ ಆಧಾರದ ಲೇಪನ ಗೋಡೆಯನ್ನೇ ಕಚ್ಚಿ ಹಿಡಿಯೋದರಿಂದ, ಬರೀ ಪೇಂಟಿಗಿಂತ ಚೆನ್ನಾಗಿ ತಡೆಯುತ್ತೆ. ಕಾಂಕ್ರೀಟಿನ ರಂಧ್ರಗಳೊಳಗೇ ಹರಳು ಬೆಳೆಸೋ ಲೇಪನಗಳೂ ಇವೆ. ಡೆನ್ಮಾರ್ಕಿನಲ್ಲಿ 1940ರ ದಶಕದಲ್ಲಿ ಶುರುವಾದ ಈ ಉಪಾಯ ಒಂದು ಲೆಕ್ಕದಲ್ಲಿ ಸೋಪು-ಪಟಿಕದ ಮರಿಮಗ. ಬರೀ ತೇವಕ್ಕೆ ಇವು ಸಾಕಾಗಬಹುದು. ಹೊರಗೆ ನೀರು ನಿಂತೇ ಇದ್ದರೆ ಇವುಗಳ ಜೊತೆ ನೀರಿಗೆ ದಾರಿಯನ್ನೂ ಕೊಡಲೇಬೇಕು.

ಆದ್ದರಿಂದ ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೊಟೇಶನ್ ಮೇಜಿಗೆ ಬಂದಾಗ, ಎಷ್ಟು ವರ್ಷದ ಗ್ಯಾರಂಟಿ ಅನ್ನೋದಕ್ಕೆ ಮುಂಚೆ ಈ ನಾಲ್ಕು ಪ್ರಶ್ನೆ ಕೇಳಿ. ನೀರು ಎಲ್ಲಿಂದ ಬರ್ತಿದೆ: ಒಡೆದ ಪೈಪಿಂದಲೋ, ತಾರಸಿ ನೀರು ಗೋಡೆ ಬುಡಕ್ಕೇ ಬೀಳೋದರಿಂದಲೋ, ಅಂತರ್ಜಲದಿಂದಲೋ? ಅದು ಹೊರಗೆ ಹೋಗೋಕೆ ದಾರಿ ಎಲ್ಲಿ? ಬಳಿಯೋದು ಯಾವ ಮಗ್ಗುಲಿಗೆ? ಬಳಿಯೋ ದಿನ ಗೋಡೆ ಹೇಗಿರಬೇಕು, ಒದ್ದೆಯೋ ಒಣಗಿಯೋ? ಮೊದಲ ಎರಡಕ್ಕೆ ಉತ್ತರ ಸಿಗದಿದ್ದರೆ ಡಬ್ಬದ ಬ್ರ್ಯಾಂಡ್ ಚರ್ಚೆ ಮಾಡಿ ಪ್ರಯೋಜನ ಇಲ್ಲ. ಮತ್ತೆ, ಕರೆಂಟಿನ ಪ್ಯಾನೆಲ್ ಇನ್ನೂ ಬೇಸ್‌ಮೆಂಟಿನ ನೆಲಮಟ್ಟದಲ್ಲೇ ಇದ್ದರೆ, ಈ ವರ್ಷದ ದುಡ್ಡು ಮೊದಲು ಅದನ್ನು ಮೇಲಕ್ಕೆ ಎತ್ತಿಸೋದಕ್ಕೆ ಹೋಗಲಿ.