ಬೆಳಕಿನ ಮುಯ್ಯಿ: ಬಂಗಾರಪೇಟೆ ಸೀಮೆಯ ವಿದ್ಯುತ್ ಚರಿತ್ರೆಯ ಒಂದು ಮುಖ

ಬಡ್ಡಿಯಿಲ್ಲದೆ, ಪತ್ರವಿಲ್ಲದೆ ನೆರೆಯವರು ಕೊಡುವ ಸಣ್ಣ ಸಾಲಕ್ಕೆ ಬಂಗಾರಪೇಟೆ ಸೀಮೆಯಲ್ಲಿ ಮೂರು ಹೆಸರುಗಳಿವೆ. ಕನ್ನಡದಲ್ಲಿ ಅದು ಕೈಗಡ, ತೆಲುಗಿನಲ್ಲಿ ಚೇಬದುಲು, ಚಿನ್ನದ ಗಣಿಯ ಲೈನುಗಳ ತಮಿಳಿನಲ್ಲಿ ಕೈಮಾತ್ತು. ಒಕ್ಕಲು ಮಕ್ಕಳಲ್ಲಿ ಇದರ ಒಡಹುಟ್ಟಿನಂತಿರುವ ಇನ್ನೊಂದು ಪದ್ಧತಿ ಮುಯ್ಯಾಳು: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನೆರೆಹೊರೆಯ ವಿದ್ಯುತ್ ಜಾಲಗಳು ಆಪತ್ಕಾಲದಲ್ಲಿ ಒಂದಕ್ಕೊಂದು ನೆರವಾಗುವ ಕ್ರಮವನ್ನು ತಂತ್ರಜ್ಞರು ತಮ್ಮದೇ ಪರಿಭಾಷೆಯಲ್ಲಿ ವಿವರಿಸುತ್ತಾರೆ. ಜಾನಪದದ ಅಭ್ಯಾಸಿಗೆ ಅದು ಈ ಎರಡು ಪದ್ಧತಿಗಳ ರೂಪಾಂತರವಾಗಿ ಕಾಣುತ್ತದೆ. ಈ ಸೀಮೆಯ ವಿದ್ಯುತ್ ಚರಿತ್ರೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಯೋಜನೆಯ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಏಷ್ಯಾದಲ್ಲೇ ಮೊದಲು ಬೆಳಕು ಕಂಡ ಊರು ನಮ್ಮದು ಎಂಬ ಮಾತು ಇಲ್ಲಿ ಐತಿಹ್ಯದ ಸ್ಥಾನ ಪಡೆದಿದೆ. ಡಾರ್ಜಿಲಿಂಗಿನ ಸಿದ್ರಾಪೊಂಗ್ ಜಲವಿದ್ಯುತ್ ಕೇಂದ್ರವು 1897ರಲ್ಲೇ ಆರಂಭವಾಗಿತ್ತು. ಆದುದರಿಂದ ಈ ಮಾತನ್ನು ಚರಿತ್ರೆಯೆಂದು ಒಪ್ಪುವುದು ಕಷ್ಟ, ಊರಿನ ಅಭಿಮಾನವೆಂದು ಗೌರವಿಸಬಹುದು. ನಿಜವಾಗಿ ಗಮನಾರ್ಹವಾದುದು ಬೇರೆ. ಗಣಿಗಳಿಗೆ 1902ರಲ್ಲಿ ಬಂದ ವಿದ್ಯುತ್ತು ರಾಜ್ಯದ ಆಡಳಿತ ಕೇಂದ್ರವಾದ ಬೆಂಗಳೂರಿಗೆ 1905ರಲ್ಲಿ, ಅರಸರ ಮೈಸೂರಿಗೆ 1908ರಲ್ಲಿ ಬಂದಿತು. ತಂತಿ ಹಾದುಹೋದ ಹಳ್ಳಿಗಳು ದಶಕಗಳ ಕಾಲ ಹರಳೆಣ್ಣೆ, ಸೀಮೆಎಣ್ಣೆಯ ದೀಪಗಳಲ್ಲೇ ಉಳಿದವು.

ಆದರೆ ಆ ತಂತಿಗೆ ನೆರೆಯವರಿರಲಿಲ್ಲ. ಬೇಸಗೆಯಲ್ಲಿ ಕಾವೇರಿಯ ಹರಿವು ತಗ್ಗಿದರೆ ಶಿವನಸಮುದ್ರದ ಯಂತ್ರಗಳು ಸೊರಗುತ್ತಿದ್ದವು. ಮನುಷ್ಯರನ್ನು ಇಳಿಸಿ ಏರಿಸುವ, ನೀರನ್ನು ಹೊರಹಾಕುವ ಯಂತ್ರಗಳನ್ನೇ ನೆಚ್ಚಿದ ಗಣಿಗೆ ವಿದ್ಯುತ್ತಿನ ಕೊರತೆ ಬರಿಯ ಕತ್ತಲೆಯಲ್ಲ, ಪ್ರಾಣದ ಪ್ರಶ್ನೆ. ಕೈಗಡ ಕೇಳಲು ಇನ್ನೊಂದು ಜಾಲವಿಲ್ಲದಿದ್ದಾಗ ಉಳಿದ ದಾರಿ ಒಂದೇ, ನೀರನ್ನು ಕೂಡಿಡುವುದು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಗಣಿಗಳಿಗೆ ಅಖಂಡ ವಿದ್ಯುತ್ ಒದಗಿಸುವುದೂ ಸೇರಿತ್ತು. ಮದರಾಸು ಸರ್ಕಾರ ಆಕ್ಷೇಪವೆತ್ತಿತು. ವಿವಾದವು 1924ರ ಒಪ್ಪಂದದವರೆಗೆ ನಡೆಯಿತು. ಕಾವೇರಿಯ ಚರ್ಚೆಯಲ್ಲಿ ನಾವು ಗದ್ದೆಗಳನ್ನು ನೆನೆಯುತ್ತೇವೆ, ಚಾಂಪಿಯನ್ ರೀಫಿನ ಪಾತಾಳವನ್ನು ಮರೆಯುತ್ತೇವೆ.

ನೆರೆಯವರು ದೊರೆತರೂ ಸಾಲದು, ನಾಡಿಬಡಿತ ಕೂಡಬೇಕು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದ್ದು. 1948ರಲ್ಲಿ ಆರಂಭವಾದ ಜೋಗದ್ದು 50. ಇಂತಹ ಎರಡನ್ನು ನೇರವಾಗಿ ಬೆಸೆಯಲಾಗದು, ನಡುವೆ ಆವರ್ತವನ್ನು ಬದಲಿಸುವ ಯಂತ್ರವೊಂದು ದುಭಾಷಿಯಂತೆ ನಿಲ್ಲಬೇಕು. ಮೂರು ಭಾಷೆಗಳ ನಡುವೆ ಬದುಕುವ ಬಂಗಾರಪೇಟೆಯ ಸಂತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ಆವರ್ತದಲ್ಲಿ ಬೆಸೆದ ಜಾಲಗಳಲ್ಲಿ ಕೈಗಡವು ಕೇಳುವ ಮೊದಲೇ ದೊರೆಯುತ್ತದೆ. ಎಲ್ಲೋ ಒಂದು ದೊಡ್ಡ ಉತ್ಪಾದನಾ ಘಟಕ ನಿಂತೊಡನೆ ಇಡೀ ಜಾಲದ ಆವರ್ತ ತುಸು ಕುಸಿಯುತ್ತದೆ. ನೆರೆಯ ರಾಜ್ಯದ ಟರ್ಬೈನುಗಳು ಕ್ಷಣಗಳಲ್ಲೇ ತಮ್ಮ ಪಾಲನ್ನು ಹೆಚ್ಚಿಸುತ್ತವೆ. ಕಾಗದ, ದೂರವಾಣಿ, ಲೆಕ್ಕ ಎಲ್ಲವೂ ಆಮೇಲೆ. ಆ ಲೆಕ್ಕಕ್ಕೂ ಒಂದು ಚರಿತ್ರೆಯಿದೆ. ದಕ್ಷಿಣ ಜಾಲದಲ್ಲಿ 2003ರ ಜನವರಿಯಿಂದ, ನಿಗದಿಗಿಂತ ಹೆಚ್ಚು ಎಳೆದುಕೊಂಡ ವಿದ್ಯುತ್ತಿಗೆ ಆ ಹೊತ್ತಿನ ಆವರ್ತವನ್ನು ಅನುಸರಿಸಿ ದರ ವಿಧಿಸುವ ಪದ್ಧತಿ ಬಂದಿತು. ಜಾಲ ಬಳಲಿದಾಗ ಎಳೆದುಕೊಂಡವನು ಹೆಚ್ಚು ತೆರಬೇಕು. ಬಡ್ಡಿಯಿಲ್ಲದ ಕೈಗಡಕ್ಕೆ ಹೀಗೆ ಬಡ್ಡಿ ಹುಟ್ಟಿತು; ಅದು ನ್ಯಾಯವೂ ಆಗಿತ್ತೆಂದೇ ನನ್ನ ಅಭಿಪ್ರಾಯ.

ಅದೇ ವರ್ಷ ಒಡಿಶಾದ ತಾಲ್ಚೇರಿನಿಂದ ಕೋಲಾರ ಜಿಲ್ಲೆಗೆ ಸುಮಾರು 1,370 ಕಿಲೋಮೀಟರ್ ಉದ್ದದ, 2,000 ಮೆಗಾವಾಟ್ ಸಾಮರ್ಥ್ಯದ ಏಕಮುಖ ವಿದ್ಯುತ್ ಮಾರ್ಗ ಬಂದಿತು. ಗಣಿಗಳು 2001ರ ಫೆಬ್ರವರಿ 28ರಂದೇ ಮುಚ್ಚಿದ್ದವು. ಒಂದು ಕಾಲಕ್ಕೆ ರಾಜ್ಯದ ವಿದ್ಯುತ್ತನ್ನು ನುಂಗುತ್ತಿದ್ದ ಜಿಲ್ಲೆ ಈಗ ದಕ್ಷಿಣಕ್ಕೆಲ್ಲ ವಿದ್ಯುತ್ ಹಂಚುವ ಹೆಬ್ಬಾಗಿಲಾಯಿತು. ಏಕಮುಖ ವಿದ್ಯುತ್ತಿಗೆ ಆವರ್ತವಿಲ್ಲ. ಆದ್ದರಿಂದ ಅದು ಹಳೆಯ ದುಭಾಷಿ ಯಂತ್ರದ ಕೆಲಸವನ್ನೇ ಮಾಡುತ್ತದೆ, ನೆರೆಮನೆಯ ಬೆಂಕಿಯನ್ನು ಕೆಂಡವಾಗಿ ತರುತ್ತದೆ, ಅಲ್ಲಿನ ಕಿಚ್ಚನ್ನು ತರುವುದಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲಗಳು ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಭಾಗಗಳೂ ಕತ್ತಲಾದಾಗ ದಕ್ಷಿಣ ಜಾಲ ನಿಂತೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ದೇಶದ ಒಂದೇ ಆವರ್ತಕ್ಕೆ ಸೇರಿತು.

ಹಂಚಿಕೆಯ ಈ ಕಥೆಯಲ್ಲಿ ಅಷ್ಟಾಗಿ ಹೇಳದ ಭಾಗವೊಂದಿದೆ. ನೆರೆಯವರ ನೆರವೂ ಸಾಲದೆ ಆವರ್ತ ಅಪಾಯದ ಮಟ್ಟಕ್ಕಿಳಿದರೆ ರಿಲೇಗಳು ತಾವಾಗಿಯೇ ಕೆಲವು ಫೀಡರುಗಳನ್ನು ಕಡಿದುಹಾಕುತ್ತವೆ. ಯಾವ ಫೀಡರುಗಳೆಂಬುದು ಆ ಕ್ಷಣದ ತೀರ್ಮಾನವಲ್ಲ, ಮೊದಲೇ ಗೊತ್ತುಮಾಡಿದ್ದು. ಇಡೀ ಮನೆ ಉಳಿಯಲು ಒಂದು ಕೋಣೆಯ ದೀಪ ಆರಬೇಕೆಂಬ ತರ್ಕವನ್ನು ಅಲ್ಲಗಳೆಯಲಾಗದು. ಆದರೆ ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೊಳವೆಬಾವಿಯನ್ನೇ ನೆಚ್ಚಿದ ಕೋಲಾರದ ರೈತನಿಗೆ ಕರೆಂಟು ಎಂದರೆ ನೀರು. ಆರುವ ಕೋಣೆ ಯಾರದೆಂಬ ಪ್ರಶ್ನೆ ಅವನಿಗೆ ಇಂಜಿನಿಯರಿಂಗಿನ ಪ್ರಶ್ನೆ ಮಾತ್ರವಲ್ಲ. 1902ರಲ್ಲಿ ತಂತಿಯ ಕೆಳಗಿದ್ದ ಹಳ್ಳಿಗಳೂ ಇದನ್ನೇ ಕೇಳಬಹುದಿತ್ತು.

ಇನ್ನು ಮುಯ್ಯಿಯ ವಿಷಯ. ಆ ಪದಕ್ಕೆ ಸೇಡೆಂಬ ಅರ್ಥವೂ ಉಂಟು. ಕೊಟ್ಟದ್ದು, ಪೆಟ್ಟೇ ಆಗಲಿ ನೆರವೇ ಆಗಲಿ, ಅದೇ ರೂಪದಲ್ಲಿ ಮರಳಬೇಕೆಂಬುದು ಅದರ ತಿರುಳು. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯಗಳು ಬರಿದಾದಾಗ ಕರ್ನಾಟಕವು ಉತ್ತರ ಪ್ರದೇಶದಿಂದ 300ರಿಂದ 600 ಮೆಗಾವಾಟ್, ಪಂಜಾಬಿನಿಂದ 500 ಮೆಗಾವಾಟ್ ವಿದ್ಯುತ್ತನ್ನು ವಿನಿಮಯದ ಆಧಾರದ ಮೇಲೆ ಪಡೆಯುವ ಏರ್ಪಾಡು ಮಾಡಿಕೊಂಡಿತು. ಹಣದ ಬದಲು ವಿದ್ಯುತ್ತನ್ನೇ ಮರಳಿಸುವ ಕರಾರು ಅದು. ಮರಳಿಸಬೇಕಾದ ಅವಧಿ ಮರುವರ್ಷದ ಜೂನ್ ತಿಂಗಳಿನಿಂದ. ಪಂಜಾಬಿನ ರೈತರು ಭತ್ತದ ನಾಟಿಗೆ ಗದ್ದೆಗಿಳಿದು, ಅವರ ಪಂಪುಗಳು ಹಗಲಿರುಳು ನೀರೆತ್ತುವ ಕಾಲ ಅದು.