ಬೀಜವೋ, ಮಣ್ಣೋ, ಮಳೆಯೋ? ಗದಗ ಸೀಮೆಯ ಹತ್ತಿ ಕಲಿಸಿದ ಪಾಠ

ನನ್ನಲ್ಲಿ ವಿಜ್ಞಾನ ಓದಿದವರಿಗೆ ಲೋಲಕದ ಪ್ರಯೋಗ ನೆನಪಿರಬಹುದು. ದಾರವನ್ನು ಉದ್ದ ಮಾಡಿ, ಜೊತೆಗೆ ಗುಂಡನ್ನೂ ಬದಲಿಸಿ, ಆಂದೋಲನದ ಅವಧಿ ಹೆಚ್ಚಾದುದನ್ನು ಕಂಡು "ಭಾರವಾದ ಗುಂಡು ನಿಧಾನವಾಗಿ ತೂಗುತ್ತದೆ" ಎಂದು ಬರೆದು ತರುವವರು ಪ್ರತಿ ವರ್ಷವೂ ಇರುತ್ತಿದ್ದರು. ಬದಲಾಗುವ ಅಂಶಕ್ಕೆ ಪಠ್ಯಪುಸ್ತಕಗಳಲ್ಲಿ ಚರ ಅಥವಾ ಚರಾಂಶ ಎಂದು ಹೆಸರು. ನಾವಾಗಿ ಬದಲಿಸುವುದು ಸ್ವತಂತ್ರ ಚರ. ಅದರಿಂದಾಗಿ ಬದಲಾಗುವುದು ಅವಲಂಬಿತ ಚರ. ಬದಲಾಗದಂತೆ ನಾವು ಕಾದಿಡುವುದು ನಿಯಂತ್ರಿತ ಚರ. ಪರೀಕ್ಷೆಗೆ ಈ ಮೂರು ವಾಕ್ಯ ಸಾಕು. ಆದರೆ ಇವುಗಳ ಬೆಲೆ ತಿಳಿಯಬೇಕಾದರೆ ನಮ್ಮ ಎರೆಹೊಲಗಳ ಚರಿತ್ರೆಯನ್ನು ಓದಬೇಕು.

ಗದಗ ಸೀಮೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತೆಂಬುದು ನಿಮಗೆ ಗೊತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಬೆಳೆಯುತ್ತಿದ್ದುದು ಜವಾರಿ ಹತ್ತಿ. ಅದು ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ವ್ಯಾಪಾರಸ್ಥರ ಬಾಯಲ್ಲಿ "ಕುಮಟಾ ಹತ್ತಿ"ಯಾಯಿತು. (ಕುಮಟೆಯಲ್ಲಿ ಬೆಳೆಯದ ಹತ್ತಿಗೆ ಕುಮಟೆಯ ಹೆಸರು! ಬೆಳೆದವನ ಊರಿಗಿಂತ ಮಾರಿದವನ ಊರೇ ಹೆಚ್ಚು ಪ್ರಸಿದ್ಧವಾಗುವುದು ಹೊಸದೇನಲ್ಲ.) ಅದರ ಎಳೆ ಗಿಡ್ಡ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಅಮೇರಿಕದ ಹತ್ತಿ ಬೇಕಾಗಿತ್ತು. ಆದುದರಿಂದ 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಹತ್ತು ಮಂದಿ ಅಮೇರಿಕನ್ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿ, ಬೇರೆ ಬೇರೆ ಪ್ರಾಂತಗಳಿಗೆ ಕಳುಹಿಸಿತು.

ಅವರು ಮಾಡಿದ್ದೇನು? ಬೀಜ ಅಮೇರಿಕದ್ದು, ನೇಗಿಲು ಅಮೇರಿಕದ್ದು, ಸಾಲಿನಿಂದ ಸಾಲಿಗೆ ಬಿಡುವ ಅಂತರವೂ ಅಲ್ಲಿಯದೇ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರು. ಬಹುತೇಕ ಕಡೆ ಬೆಳೆ ಕೈಕೊಟ್ಟಿತು. ಕೈಕೊಟ್ಟುದು ಬೀಜವೋ, ಮಣ್ಣೋ, ಮಳೆಯೋ, ಬೇಸಾಯದ ಕ್ರಮವೋ ಎಂದು ಕೇಳಿದರೆ ಆ ಹೊಲ ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಲೋಲಕದ ಗುಂಡು ಮತ್ತು ದಾರದ ಕಥೆಯೇ ಇದು. ಖರ್ಚು ಮಾತ್ರ ದೊಡ್ಡದು.

ಧಾರವಾಡದಲ್ಲಿ ಕಲೆಕ್ಟರ್ ಶಾ ಅವರ ಉತ್ಸಾಹದಿಂದ, ಮರ್ಸರ್ ಎಂಬ ಅಮೇರಿಕನ್ನರ ಮೇಲ್ವಿಚಾರಣೆಯಲ್ಲಿ, ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ನಡೆಯಿತು. ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಿಗೂ ಹಂಚಲಾಯಿತು. ನಮ್ಮ ರೈತರು ಆ ಬೀಜವನ್ನು ತಮ್ಮ ಪದ್ಧತಿಯಲ್ಲಿಯೇ ಬಿತ್ತಿ ಬೆಳೆದರು: ಅದೇ ಎರೆ, ಅದೇ ಕೂರಿಗೆ, ಅದೇ ಎಡೆಕುಂಟೆ, ಮಘಾ ಹುಬ್ಬಾ ಮಳೆಗಳ ಅದೇ ಹದ. ಬದಲಾದುದು ಬೀಜ ಒಂದೇ. ಬೆಳೆ ಹತ್ತಿತು! 1860ರ ದಶಕದ ಆರಂಭಕ್ಕೆ ಅದರ ವಿಸ್ತೀರ್ಣ ಲಕ್ಷ ಎಕರೆಯನ್ನು ದಾಟಿತ್ತು. "ಧಾರವಾಡ ಅಮೇರಿಕನ್" ಎಂಬ ಹೆಸರೇ ಪೇಟೆಯಲ್ಲಿ ನಿಂತಿತು.

ಇಲ್ಲಿ ಮರ್ಸರ್ ಅವರನ್ನು ಮೆಚ್ಚಬೇಕು. ಕೆಲವೇ ವರ್ಷಗಳ ಅನುಭವದ ಮೇಲೆ ಅವರು ಸರಕಾರಕ್ಕೆ ತಿಳಿಸಿದ್ದು ಇಷ್ಟು: ಪ್ರಯೋಗದ ಹೊಲಗಳು ವ್ಯರ್ಥ ವೆಚ್ಚ, ಅಮೇರಿಕದ ಬೇಸಾಯಕ್ರಮ ಈ ದೇಶಕ್ಕೆ ಒಗ್ಗುವುದಿಲ್ಲ, ಇಲ್ಲಿಯ ನೆಲ ಮತ್ತು ಹವೆಯನ್ನು ಬಲ್ಲ ರೈತನೇ ಕಡಿಮೆ ಖರ್ಚಿನಲ್ಲಿ ಉತ್ತಮವಾಗಿ ಬೆಳೆಯಬಲ್ಲನು. ಕಲಿಸಲು ಬಂದವನು ಹೀಗೆ ಬರೆಯಲು ದೊಡ್ಡ ಮನಸ್ಸು ಬೇಕು.

ಹಾಗಾದರೆ ಅದೇ ಬೀಜ ಗುಜರಾತಿನ ಭರೂಚ್ ಸೂರತ್ತುಗಳ ಕಪ್ಪುಮಣ್ಣಿನಲ್ಲಿ ಏಕೆ ನಿಲ್ಲಲಿಲ್ಲ? ಅಲ್ಲಿ ಯಾರೂ ಬದಲಿಸದಿದ್ದರೂ ತಾನಾಗಿಯೇ ಬೇರೆಯಾಗಿದ್ದ ಚರವೊಂದಿತ್ತು, ಅದು ಹವೆ. ಅಲ್ಲಿ ಮುಂಗಾರಿ ಜೋರಾಗಿ ಸುರಿದು ನಿಂತರೆ ಮುಂದೆ ದೀರ್ಘ ಒಣಹವೆ. ನಮ್ಮಲ್ಲಿ ಮುಂಗಾರಿ ಸೌಮ್ಯ, ಮೇಲೆ ಹಿಂಗಾರಿಯ ಆಸರೆ, ಚಳಿಯೂ ಹಿತ. ಗದಗಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 650 ಮಿಲಿಮೀಟರ್ ಮಾತ್ರ. ಆದರೆ ಎಷ್ಟು ಬಿತ್ತೆಂಬುದಕ್ಕಿಂತ ಯಾವಾಗ ಬಿತ್ತೆಂಬುದೇ ಹತ್ತಿಗೆ ಮುಖ್ಯ. "ಮಣ್ಣು ಒಂದೇ, ಆದ್ದರಿಂದ ಫಲವೂ ಒಂದೇ" ಎಂದು ಊಹಿಸಿದವರು ಮಳೆಯ ತಿಥಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಇದೇ ಕಾಲಕ್ಕೆ, 1843ರಲ್ಲಿ, ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಎಂಬ ಜಮೀನುದಾರರು ಗೋದಿಯ ಹೊಲವೊಂದನ್ನು ಪಟ್ಟಿಗಳಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಗೊಬ್ಬರ ಕೊಟ್ಟು, ಒಂದು ಪಟ್ಟಿಗೆ ಏನನ್ನೂ ಹಾಕದೆ ಬಿಟ್ಟರು. ಆ ಬರಿಯ ಪಟ್ಟಿ ಇಂದಿಗೂ ಗೊಬ್ಬರ ಕಾಣದೆ ಹಾಗೆಯೇ ಇದೆ. ಹೋಲಿಸಲು ಏನನ್ನಾದರೂ ಮುಟ್ಟದೆ ಬಿಡಬೇಕೆಂಬ ವಿವೇಕ ಅದು. ನಮ್ಮ ಮಕ್ಕಳ ಪ್ರಾಜೆಕ್ಟುಗಳಲ್ಲಿ ಈ ಬರಿಯ ಪಟ್ಟಿಯೇ ಕಾಣೆಯಾಗಿರುತ್ತದೆ. "ಗೊಬ್ಬರ ಹಾಕಿದೆವು, ಗಿಡ ಬೆಳೆಯಿತು" ಎಂದಿರುತ್ತದೆ. ಹಾಕದಿದ್ದರೂ ಬೆಳೆಯುತ್ತಿತ್ತೇನೋ!

ಇನ್ನು ಧಾರವಾಡ ಅಮೇರಿಕನ್ ಹತ್ತಿಯ ಮುಂದಿನ ಪಾಡು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಇಲ್ಲಿಯ ಹತ್ತಿಯ ಬೆಲೆ ಗಗನಕ್ಕೇರಿತು. ಬೆಲೆ ಏರಿದಾಗ ಬೆರಕೆಯೂ ಏರಿತು. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸದ ವಿರುದ್ಧ ಕಾಯಿದೆಯನ್ನೇ ತರಬೇಕಾಯಿತು. ಅರಳೆ ಬೆರೆತರೆ ಒಂದು ವರ್ಷದ ನಷ್ಟ. ಬೀಜ ಬೆರೆತರೆ ತಲೆಮಾರುಗಳ ನಷ್ಟ. ಜವಾರಿಯ ಬೀಜವೂ ಅಮೇರಿಕದ ಬೀಜವೂ ಒಂದೇ ಚೀಲ ಸೇರಿದ ಮೇಲೆ ಬೆಳೆ ಕೆಟ್ಟುದಕ್ಕೆ ಕಾರಣವನ್ನು ಯಾರು ಬೇರ್ಪಡಿಸಬೇಕು? ಕಾಯಿದೆಯಾದರೋ ಆಡಳಿತದ ಎಲ್ಲೆ ದಾಟುವುದಿಲ್ಲ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಬೀಜಕ್ಕೆ ಮಾತ್ರ ಯಾವ ಸಂಸ್ಥಾನದ ಎಲ್ಲೆಯೂ ಇರಲಿಲ್ಲ.

ಈ ಗೊಂದಲವನ್ನು ಬಿಡಿಸಲು ಕುಳಿತವರಲ್ಲಿ ಪ್ರಮುಖರು ಧಾರವಾಡದ ಹತ್ತಿ ತಜ್ಞ ಜಿ. ಎಲ್. ಕೊಟ್ಟೂರ. ಬೆರಕೆಯಾದ ಬೆಳೆಯಿಂದ ಒಳ್ಳೆಯ ಗಿಡಗಳನ್ನು ಒಂದೊಂದಾಗಿ ಆರಿಸುವುದು, ಪರಾಗ ಹೊರಗಿನಿಂದ ಬರದಂತೆ ಕಾಯುವುದು, ಒಂದೇ ಗಿಡದ ಸಂತಾನವನ್ನು ಪ್ರತ್ಯೇಕವಾಗಿ ಬೆಳೆಸಿ ನೋಡುವುದು: ಶುದ್ಧ ತಳಿ ಸಿದ್ಧವಾಗುವುದು ಹೀಗೆ. ಬೀಜವೆಂಬ ಚರವನ್ನು ಕಟ್ಟಿಹಾಕದೆ ಮಣ್ಣು ಮಳೆಗಳ ಮಾತೆತ್ತುವಂತಿರಲಿಲ್ಲ. ಧಾರವಾಡ ಅಮೇರಿಕನ್ನಿನಿಂದ ಹೀಗೆ ಆರಿಸಿದ ತಳಿಯೇ "ಗದಗ-1".

ಮಳೆಯನ್ನಂತೂ ಕಟ್ಟಿಹಾಕಲಾಗದು. 1919ರಲ್ಲಿ ರಾಥಮ್‌ಸ್ಟೆಡ್ ಸೇರಿದ ಫಿಶರ್ ಎಂಬ ಗಣಿತಜ್ಞರು ಅದಕ್ಕೂ ಉಪಾಯ ತೋರಿಸಿದರು. ಪ್ರತಿ ತಳಿಯನ್ನೂ ಹೊಲದ ಹಲವು ತುಂಡುಗಳಲ್ಲಿ, ಚೀಟಿ ಎತ್ತಿದಂತೆ ಹಂಚಿ, ಮತ್ತೆ ಮತ್ತೆ ಬಿತ್ತಿದರೆ, ನಮ್ಮ ಹಿಡಿತಕ್ಕೆ ಬಾರದ ಏರುಪೇರು ಎಷ್ಟೆಂಬುದನ್ನು ಅಳೆಯಬಹುದು. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕೆಂಬ ನಮ್ಮ ಶಾಲೆಯ ನಿಯಮವನ್ನೂ ಅವರು ಒಪ್ಪಲಿಲ್ಲ. ಕ್ರಮಬದ್ಧವಾಗಿ ಹಂಚಿದರೆ ಹಲವನ್ನು ಒಟ್ಟಿಗೇ ಪರೀಕ್ಷಿಸಬಹುದೆಂದು ವಾದಿಸಿದರು. ನಿಜ, ಆದರೆ ಆ ಹಂಚಿಕೆಯ ಲೆಕ್ಕ ಬರುವವರೆಗೆ ಎಂಟನೆಯ ತರಗತಿಯವರು ದಾರ ಒಂದನ್ನೇ ಬದಲಿಸಲಿ.

ಗದಗ-1ನ್ನು ಕೊಯಮತ್ತೂರಿನ ಕಾಂಬೋಡಿಯಾ ಹತ್ತಿಯ ತಳಿಯೊಂದಿಗೆ ಕೂಡಿಸಿ "ಲಕ್ಷ್ಮೀ" ಹತ್ತಿಯನ್ನು ತಂದರು. ನಿಮ್ಮಲ್ಲಿ ಅನೇಕರ ಅಜ್ಜಂದಿರು ಎರೆಹೊಲದಲ್ಲಿ ಬೆಳೆದುದು ಅದನ್ನೇ. ಆ ಲಕ್ಷ್ಮಿಯನ್ನು ಉದ್ದ ಎಳೆಯ ಬೇರೊಂದು ಜಾತಿಯ ಹತ್ತಿಯೊಂದಿಗೆ ಕೂಡಿಸಿ ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ ಧಾರವಾಡದಿಂದ "ವರಲಕ್ಷ್ಮೀ"ಯನ್ನು ಬಿಡುಗಡೆ ಮಾಡಿದರು.