ಸ್ವಿಸ್ ಪಾಸ್‌ಪೋರ್ಟಿನ ‘ಊರು’ ಕಾಲಂ

ಜ್ಯೂರಿಕ್‌ನಲ್ಲಿ ಆನ್‌ಸೈಟ್ ಇದ್ದಾಗ ಪಕ್ಕದ ಡೆಸ್ಕಿನವನ ಪಾಸ್‌ಪೋರ್ಟ್ ಒಮ್ಮೆ ನೋಡಿದ್ದೆ. ಅವನು ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಜ್ಯೂರಿಕ್‌ನಲ್ಲೇ. ಆದರೆ ಅದರಲ್ಲಿ ಹುಟ್ಟಿದ ಊರಿನ ಕಾಲಮ್ಮೇ ಇಲ್ಲ. ಆ ಜಾಗದಲ್ಲಿ ಲಾಂಗ್ನೌ ಅಂತಿತ್ತು. ಬರ್ನ್ ಕ್ಯಾಂಟನ್ನಿನಲ್ಲಿ, ತೂತಿನ ಚೀಸ್‌ಗೆ ಹೆಸರಾದ ಎಮ್ಮೆಂಟಾಲ್ ಕಣಿವೆಯ ಊರು. “ಅಲ್ಲಿ ನಿಮ್ಮೋರು ಯಾರಿದಾರೆ?” ಅಂದೆ. “ಯಾರೂ ಇಲ್ಲ. ಒಂದ್ಸಲ ಟ್ರೈನಲ್ಲಿ ಹಾದುಹೋಗಿದೀನಿ ಅಷ್ಟೆ” ಅಂದ.

ನಮ್ಮ ಹಳ್ಳಿ ಕಡೆ ಗುರುತಿಲ್ಲದವರು ಸಿಕ್ಕರೆ ಮೊದಲು ಕೇಳೋದೇ “ಯಾವೂರಾಯ್ತು ತಮ್ದು?” ಅಂತ. ಸ್ವಿಸ್ಸಿನವರು ಈ ಪ್ರಶ್ನೆಯನ್ನು ಕಾನೂನೇ ಮಾಡಿಟ್ಟಿದ್ದಾರೆ. ಅಲ್ಲಿನ ಪೌರತ್ವ ಊರು, ಕ್ಯಾಂಟನ್, ದೇಶ ಅಂತ ಮೂರು ಹಂತದ್ದು. ಆ ಊರಿಗೆ ‘ಹೈಮಾಟ್‌ಓರ್ಟ್’ ಅಂತಾರೆ. ಅಪ್ಪನಿಂದ ಮಕ್ಕಳಿಗೆ ಇಳಿದು ಬರುತ್ತಿದ್ದ ಊರು ಇದು. ಮನೆ ಎಲ್ಲಿಗೆ ಬದಲಾದರೂ ಇದು ಬದಲಾಗಲ್ಲ. ಮದುವೆಯಾದ ಹೆಂಗಸಿಗೆ ಮಾತ್ರ ಹಿಂದೆ ಗಂಡನ ಊರೇ ಊರಾಗಿಬಿಡುತ್ತಿತ್ತು. 2013ರಿಂದ ಅದು ನಿಂತಿದೆ.

ವಂಶ ಹುಡುಕುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? 1962ರಲ್ಲಿ ಯಾವ ಮನೆತನಕ್ಕೆ ಯಾವ ಊರಿನ ಪೌರತ್ವ ಇತ್ತು ಅಂತ ಹೇಳೋ ಹೆಸರುಗಳ ಪುಸ್ತಕವೇ ಇದೆ, ಆನ್‌ಲೈನಲ್ಲೂ ಸಿಗುತ್ತೆ. ಅಲ್ಲಿಂದ ಹಿಂದಕ್ಕೆ ಹೋದರೆ 1929ರಿಂದ ದೇಶಕ್ಕೆಲ್ಲ ಕಡ್ಡಾಯವಾದ ಕುಟುಂಬ ರಿಜಿಸ್ಟರ್. ಹುಟ್ಟು, ಮದುವೆ, ಸಾವು ಎಲ್ಲೇ ಆಗಲಿ, ಸುದ್ದಿ ಮೂಲದ ಊರಿಗೆ ಹೋಗಿ ಅಲ್ಲಿನ ಪುಟದಲ್ಲಿ ಸೇರಬೇಕಿತ್ತು. ಈವೆಂಟ್ ಯಾವ ಮೆಷಿನ್ನಲ್ಲಾದರೂ ಲಾಗ್ ಮಾತ್ರ ಒಂದೇ ಸರ್ವರ್‌ನಲ್ಲಿ ಇದ್ದ ಹಾಗೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ! 1876ರಿಂದ ಈ ಲೆಕ್ಕ ಸರ್ಕಾರದ್ದು. ಅದಕ್ಕೂ ಹಿಂದಿನದು ಬೇಕಂದರೆ ಚರ್ಚಿನ ಪುಸ್ತಕ. ಬರ್ನ್ ಕ್ಯಾಂಟನ್ನಿನವು ಸ್ಕ್ಯಾನ್ ಆಗಿವೆ. ಓದೋದು ಮಾತ್ರ ಕಷ್ಟ. ಹಳೇ ಜರ್ಮನ್ ಕೈಬರಹ ನನ್ನ ಗೆಳೆಯನಿಗೇ ಅರ್ಥವಾಗಲ್ಲ. ಒಂದೇ ದಶಕದಲ್ಲಿ ಒಂದೇ ಹೆಸರಿನ ಮೂರು ಮಕ್ಕಳು ಸಿಕ್ಕರೆ ಗಾಡ್‌ಪೇರೆಂಟ್ಸ್ ಹೆಸರು ನೋಡಿ ಯಾರ ಮಗ ಯಾರು ಅಂತ ಬಿಡಿಸಬೇಕು.

ಈ ಪುಸ್ತಕ ಶುರುವಾಗಿದ್ದು ಯಾಕೆ ಅಂತ ಓದಿದ ಮೇಲೆ ನನಗೆ ನಿದ್ದೆ ಕೆಟ್ಟಿದ್ದು. 1526ರಲ್ಲಿ ಜ್ಯೂರಿಕ್ ನಗರಸಭೆ ದೀಕ್ಷಾಸ್ನಾನದ ಪಟ್ಟಿ ಇಡಿ ಅಂತ ಚರ್ಚುಗಳಿಗೆ ಹೇಳಿತು. ಆಗ ಅನಾಬ್ಯಾಪ್ಟಿಸ್ಟರು ಹಸುಗೂಸಿಗೆ ದೀಕ್ಷೆ ಕೊಡೋದು ತಪ್ಪು, ಬುದ್ಧಿ ಬಂದ ಮೇಲೆ ಅವರೇ ತಗೊಳ್ಳಲಿ ಅನ್ನುತ್ತಿದ್ದರು. ಯಾವ ಮನೆಯವರು ಮಗುವನ್ನು ತಂದಿಲ್ಲ ಅಂತ ಹಿಡಿಯೋಕೆ ಈ ಪಟ್ಟಿ. 1527ರ ಜನವರಿಯಲ್ಲಿ ಅವರ ಪೈಕಿ ಫೆಲಿಕ್ಸ್ ಮಾಂಟ್ಸ್ ಎಂಬುವನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ದಂಡೆಯಲ್ಲಿ ಒಂದು ಫಲಕ ಇದೆ. ಅದರ ಪಕ್ಕದಲ್ಲೇ ಎಷ್ಟೋ ಸಂಜೆ ನಡೆದಿದ್ದೀನಿ, ಒಮ್ಮೆಯೂ ಓದಿರಲಿಲ್ಲ. ಎಮ್ಮೆಂಟಾಲ್‌ನಿಂದ ಓಡಿಹೋದ ಇಂಥವರ ವಂಶದವರು ಇವತ್ತು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೇಕಾದಷ್ಟಿದ್ದಾರೆ. ಹಿರಿಯರ ಹೆಸರು ದೀಕ್ಷಾಸ್ನಾನದ ಪುಸ್ತಕದಲ್ಲಿ ಸಿಗದೆ, ಬರ್ನ್ ಸರ್ಕಾರ ಜಪ್ತಿ ಮಾಡಿದ ಆಸ್ತಿಯ ಪಟ್ಟಿಯಲ್ಲಿ ಸಿಗೋದೂ ಉಂಟು.

ಮೂಲದ ಊರಿನ ಕಥೆಯೂ ಬರೀ ಅಭಿಮಾನದ್ದಲ್ಲ. ಬಡವನಾದವನಿಗೆ ಅನ್ನ ಹಾಕೋ ಹೊಣೆ ಆಗ ಆ ಊರಿನದಾಗಿತ್ತು, ಹಾಗಾಗಿ ಯಾರು ನಮ್ಮವರು ಅಂತ ಊರಿಗೆ ಪಕ್ಕಾ ಗೊತ್ತಿರಬೇಕಿತ್ತು. ಆ ಖರ್ಚು ತಪ್ಪಿಸಿಕೊಳ್ಳೋಕೆ 19ನೇ ಶತಮಾನದಲ್ಲಿ ಕೆಲವು ಊರುಗಳು ತಮ್ಮ ಬಡವರಿಗೆ ಹಡಗಿನ ಟಿಕೆಟ್ ಕೊಡಿಸಿ ಅಮೆರಿಕಕ್ಕೆ ಸಾಗಹಾಕಿದವು. 1855ರಲ್ಲಿ ಈಗಿನ ರೋಥ್ರಿಸ್ಟ್ ಒಂದೇ ಊರಿಂದ ಮುನ್ನೂರಕ್ಕೂ ಹೆಚ್ಚು ಜನ ಹೋದರು.

ಇನ್ನು ಯಾವೂರೂ ಇಲ್ಲದವರು. ಊರೂರು ಅಲೆದು ಬುಟ್ಟಿ ಹೆಣೆದು, ಪಾತ್ರೆ ರಿಪೇರಿ ಮಾಡಿ ಬದುಕುತ್ತಿದ್ದ ಯೇನಿಶ್ ಜನರಂಥವರಿಗೆ 1850ರ ಕಾನೂನು ಒಂದೊಂದು ಊರು ಹಂಚಿತು. ಊರಿನವರಿಗೆ ಅದು ಇಷ್ಟ ಇರಲಿಲ್ಲ. ಕಾಗದದಲ್ಲಿ ಊರೇನೋ ಬಂತು, ಆದರೆ 1926ರಿಂದ 1973ರವರೆಗೆ ಪ್ರೊ ಯುವೆಂಟುಟೆ ಸಂಸ್ಥೆ ಅಲೆಮಾರಿತನ ಬಿಡಿಸುವ ಹೆಸರಲ್ಲಿ ಸುಮಾರು 600 ಯೇನಿಶ್ ಮಕ್ಕಳನ್ನು ಅಪ್ಪ ಅಮ್ಮಂದಿರಿಂದ ಕಿತ್ತು ಬೇರೆ ಮನೆ, ಅನಾಥಾಲಯಗಳಿಗೆ ಹಾಕಿತು. 1986ರಲ್ಲಿ ಅಧ್ಯಕ್ಷ ಆಲ್ಫೋನ್ಸ್ ಎಗ್ಲಿ ಕ್ಷಮೆ ಕೇಳಿದರು.

ಆ ಮಕ್ಕಳಲ್ಲಿ ಬದುಕಿರುವವರು ಈಗ ಮುದುಕರು. ನನ್ನ ಗೆಳೆಯ ಶನಿವಾರದ ಕಾಫಿ ಜೊತೆ 1690ರ ಮುತ್ತಜ್ಜನನ್ನು ಹುಡುಕುತ್ತಿದ್ದ ಹಾಗೇ ಇವರಲ್ಲೂ ಕೆಲವರು ಆರ್ಕೈವ್‌ಗಳಿಗೆ ಬರುತ್ತಾರೆ, ಅಮ್ಮ ಯಾರು, ತಮ್ಮ ತಂಗಿಯರು ಎಲ್ಲಿಗೆ ಹೋದರು ಅಂತ ಕೇಳಿಕೊಂಡು. 2017ರ ಕಾನೂನಿನ ಪ್ರಕಾರ ತಮ್ಮ ಫೈಲ್ ನೋಡೋ ಹಕ್ಕು ಅವರಿಗಿದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.